ಇಂಗ್ಲಿಷ್ ದಾಟದೆ ಕನ್ನಡದಿಂದಲೇ ಫ್ರೆಂಚ್ ಕಲಿಯಬಹುದಾ? ಗೊತ್ತಿರುವವರು ದಯವಿಟ್ಟು ಹೇಳಿ

ಬದಿಯಡ್ಕದಾಕೆ
ಎಲ್ಲರಿಗೂ ನಮಸ್ಕಾರ. ಯಜಮಾನರು ಕೆಲಸದ ಮೇಲೆ ಫ್ರಾನ್ಸಿನ ತುಲೂಸ್‌ನಲ್ಲಿ ಇದ್ದಾರೆ. ಜೂನ್‌ನಲ್ಲಿ ನಾನೂ ಮಗನೂ ಅಲ್ಲಿಗೆ ಹೋಗಬೇಕು. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಇಂಗ್ಲಿಷ್ ಓದಿದರೆ ಅರ್ಥ ಆಗುತ್ತದೆ, ಆದರೆ ತಲೆಯೊಳಗೆ ಓಡುವುದು ಕನ್ನಡವೇ. ನಾಲ್ಕು ತಿಂಗಳಿಂದ ಮೊಬೈಲ್ ಆಪ್ ಇಟ್ಟುಕೊಂಡು ಫ್ರೆಂಚ್ ಕಲಿಯುತ್ತಿದ್ದೇನೆ. ಬೆಳಿಗ್ಗೆ ಅಡಿಕೆ ಸುಲಿಯಲು ಕೂತಾಗ ಇಯರ್‌ಫೋನ್ ಹಾಕಿಕೊಂಡು ವಾಕ್ಯಗಳನ್ನು ಕೇಳುತ್ತೇನೆ, ಆಮೇಲೆ ಪುಸ್ತಕದಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿಡುತ್ತೇನೆ.

ಕಷ್ಟ ಎಲ್ಲಿ ಅಂದರೆ, ಎಲ್ಲ ಪುಸ್ತಕವೂ ಇಂಗ್ಲಿಷಿನಿಂದ ಫ್ರೆಂಚಿಗೆ. ನಾನು ಕನ್ನಡದಿಂದ ಇಂಗ್ಲಿಷಿಗೆ, ಅಲ್ಲಿಂದ ಫ್ರೆಂಚಿಗೆ ಎರಡು ಬಸ್ಸು ಬದಲಾಯಿಸಿ ಹೋಗಬೇಕು. ಮೊನ್ನೆ ಫೋನಿನಲ್ಲಿ "ನನಗೆ ಸೆಕೆ" ಅನ್ನಲು ಇಂಗ್ಲಿಷ್ ರೀತಿಯಲ್ಲೇ ಯೋಚಿಸಿ "ಝ ಸ್ವಿ ಶೋದ್" ಅಂದೆ. ಯಜಮಾನರು ಗಾಬರಿಯಾಗಿ, "ಅದನ್ನು ಹೊರಗೆ ಎಲ್ಲೂ ಹೇಳಬೇಡ, ಬೇರೆಯೇ ಅರ್ಥ ಬರುತ್ತದೆ" ಅಂದರು. "ಝೇ ಶೋ" ಅನ್ನಬೇಕಂತೆ. ಯಾಕೆ ಅಂತ ಕೇಳಿದರೆ ಅವರಿಗೂ ಗೊತ್ತಿಲ್ಲ.

ಕನ್ನಡದಿಂದ ನೇರವಾಗಿ ಹೋಗುವ ದಾರಿ ಉಂಟಾ?

ಉಪ್ಪಳ ಸ್ಟೇಶನ್
ಇಲ್ಲ ಅಕ್ಕ. ಭಾಷೆ ಕಲಿಯುವಾಗ ಇನ್ನೊಂದು ಭಾಷೆಗೆ ಹೋಲಿಸಬಾರದು. ಸುಮ್ನೆ ಕೇಳಿ, ಹೇಳಿ, ಬಾಯಿಪಾಠ ಮಾಡಿ. ಮಕ್ಕಳು ಕಲಿಯುವುದು ಹಾಗೇ ಅಲ್ವಾ?

ಚಂದ್ರಗಿರಿ ದಡ
ಉಂಟು ಅಕ್ಕ, ಖಂಡಿತ ಉಂಟು. ನಾನು ತುಲೂಸ್‌ನಲ್ಲೇ ಆರು ವರ್ಷ ಇದ್ದವನು.

ನಿಮ್ಮ "ಸೆಕೆ"ಯಿಂದಲೇ ಶುರು ಮಾಡುವ. ನಾವು "ನಾನು ಸೆಕೆ" ಅನ್ನುತ್ತೇವಾ? ಇಲ್ಲ. "ನನಗೆ ಸೆಕೆ." ಫ್ರೆಂಚರೂ ಸೆಕೆಯನ್ನು ತಮ್ಮ ಹತ್ತಿರ ಇರುವ ವಸ್ತುವಿನ ಹಾಗೆ ಹೇಳುತ್ತಾರೆ. "ಝೇ" ಅಂದರೆ "ನನಗೆ ಉಂಟು" ಅಂತ ಇಟ್ಟುಕೊಳ್ಳಿ. ಈಗ ನೋಡಿ:

ಝೇ ಶೋ: ನನಗೆ ಸೆಕೆ.
ಝೇ ಫ್ರ್ವಾ: ನನಗೆ ಚಳಿ.
ಝೇ ಫ್ಯಾಂ: ನನಗೆ ಹಸಿವು.
ಝೇ ಸ್ವಾಫ್: ನನಗೆ ಬಾಯಾರಿಕೆ.
ಝೇ ಪೆರ್: ನನಗೆ ಹೆದರಿಕೆ.
ಝೇ ಓಂತ್: ನನಗೆ ನಾಚಿಕೆ.
ಝೇ ಸೊಮೆಯ್: ನನಗೆ ನಿದ್ದೆ.
ಝೇ ಮಾಲ್ ಆ ಲಾ ತೆತ್: ನನಗೆ ತಲೆನೋವು.
ಝೇ ತ್ರಾಂತ್ ಆಂ: ನನಗೆ ಮೂವತ್ತು ವರ್ಷ.

ವಯಸ್ಸು ಕೂಡ ನೋಡಿ! ಇಂಗ್ಲಿಷಿನವರು "ನಾನು ಮೂವತ್ತು" ಅನ್ನುತ್ತಾರೆ. ನಾವೂ ಫ್ರೆಂಚರೂ ಹಾಗೆ ಹೇಳುವುದಿಲ್ಲ. ನಿಮ್ಮ ಕನ್ನಡ ಸರಿಯಾಗಿಯೇ ಇತ್ತು ಅಕ್ಕ, ನಡುವಿನ ಬಸ್ಸು ದಾರಿ ತಪ್ಪಿಸಿತು.

ಉಪ್ಪಳ ಸ್ಟೇಶನ್
ಒಪ್ಪುವುದಿಲ್ಲ. ಹೊಂದುವ ಒಂಬತ್ತು ವಾಕ್ಯ ಆರಿಸಿ ಕೊಟ್ಟಿರಿ. ನನಗೆ ಸುಸ್ತು ಅಂದರೆ "ಝ ಸ್ವಿ ಫಾತಿಗೆ". ನನಗೆ ಖುಷಿ ಅಂದರೆ "ಝ ಸ್ವಿ ಕೋಂತಾಂತ್". ನನಗೆ ಹುಷಾರಿಲ್ಲ ಅಂದರೆ "ಝ ಸ್ವಿ ಮಾಲಾದ್". ಇಲ್ಲೆಲ್ಲ "ನಾನು ಇದ್ದೇನೆ" ಅಂತಲೇ ಬರುತ್ತದೆ. ಕನ್ನಡ ನಂಬಿಕೊಂಡು ಹೋದರೆ ಇಲ್ಲಿ ಬೀಳುತ್ತೀರಿ.

ಚಂದ್ರಗಿರಿ ದಡ
ಸರಿಯಾಗಿ ಹೇಳಿದಿರಿ, ಆ ಮೂರು ಹೊಂದುವುದಿಲ್ಲ. ಅವನ್ನು ಬೇರೆಯಾಗಿಯೇ ಕಲಿಯಬೇಕು. ಆದರೆ ಒಂಬತ್ತು ಸುಲಭದಲ್ಲಿ ಸಿಕ್ಕಿತಲ್ಲ, ಅದನ್ನು ಯಾಕೆ ಬಿಡಬೇಕು?

ಮಧೂರು ಮಾಷ್ಟ್ರು
ನನಗೆ ಫ್ರೆಂಚ್ ಬರುವುದಿಲ್ಲ. 31 ವರ್ಷ ಕನ್ನಡ ವ್ಯಾಕರಣ ಕಲಿಸಿದವನು. ಒಂದು ಕೇಳಬೇಕು. ಮೊಮ್ಮಗಳ ಪುಸ್ತಕದಲ್ಲಿ ನೋಡಿದೆ, "ಲ" ಮತ್ತು "ಆಮಿ" ಸೇರಿದರೆ "ಲಾಮಿ" ಆಗುತ್ತದಂತೆ. ಸ್ವರದ ಮುಂದೆ ಸ್ವರ ಬಂದಾಗ ಮೊದಲಿನದು ಬಿದ್ದುಹೋಗುತ್ತದೆ. ಇದು ನಮ್ಮ ಲೋಪಸಂಧಿಯೇ ಅಲ್ಲವೇ? ಊರು + ಅಲ್ಲಿ = ಊರಲ್ಲಿ. ಮಾತು + ಇಲ್ಲ = ಮಾತಿಲ್ಲ. ಅವಳ ಟೀಚರ್ ಇದನ್ನು "ಫ್ರೆಂಚಿನ ವಿಚಿತ್ರ ನಿಯಮ" ಅಂತ ಬರೆಸಿದ್ದಾರೆ. ಏಳನೇ ಕ್ಲಾಸಿನ ನಮ್ಮ ಮಕ್ಕಳಿಗೆ ಇದರಲ್ಲಿ ವಿಚಿತ್ರ ಏನೂ ಕಾಣದು.

ಕುಂಬಳೆ ಹುಡುಗ
ಮಾಷ್ಟ್ರೇ, ಇದು ಸೂಪರ್. ನಾನು ಮಂಗಳೂರಲ್ಲಿ ಪಿಯುಸಿ, ಸೆಕೆಂಡ್ ಲ್ಯಾಂಗ್ವೇಜ್ ಫ್ರೆಂಚ್. ಆಗಮ ಸಂಧಿಯೂ ಉಂಟು! "ಲೆ" + "ಆಮಿ" = "ಲೆಜ಼ಾಮಿ". ನಡುವೆ ಒಂದು ಜ಼ ಬಂತು. ಮನೆ + ಅನ್ನು = ಮನೆಯನ್ನು ಹಾಗೆ.

ಚಂದ್ರಗಿರಿ ದಡ
ಸಣ್ಣ ತಿದ್ದುಪಡಿ ತಮ್ಮಾ. "ಲೆಜ಼ಾಮಿ"ಯ ಜ಼ ಹೊಸದಾಗಿ ಬಂದದ್ದಲ್ಲ. "ಲೆ" ಬರೆಯುವಾಗ ಕೊನೆಗೆ ಎಸ್ ಅಕ್ಷರ ಇದ್ದೇ ಇದೆ. ಒಂಟಿಯಾಗಿ ಇದ್ದಾಗ ಅದು ಬಾಯಿಗೆ ಬರುವುದಿಲ್ಲ. ಮುಂದೆ ಸ್ವರ ಸಿಕ್ಕಿದರೆ ಎದ್ದು ಬರುತ್ತದೆ. ನಿಜವಾದ ಆಗಮ ಬೇಕಿದ್ದರೆ "ಆ ತಿಲ್" ನೋಡಿ. "ಇಲ್ ಆ" ಅಂದರೆ ಅವನಿಗೆ ಉಂಟು. ಪ್ರಶ್ನೆ ಮಾಡಲು ತಿರುಗಿಸಿದರೆ "ಆ ಇಲ್" ಆಗಬೇಕು. ಎರಡು ಸ್ವರ ಡಿಕ್ಕಿ ಹೊಡೆಯುತ್ತವೆ ಅಂತ ನಡುವೆ ತ ಹಾಕಿ "ಆ ತಿಲ್" ಅನ್ನುತ್ತಾರೆ. ಆ ತಕಾರಕ್ಕೆ ಅರ್ಥ ಏನೂ ಇಲ್ಲ. ಮನೆಯನ್ನು ಎಂಬಲ್ಲಿನ ಯಕಾರಕ್ಕೆ ಅರ್ಥ ಇಲ್ಲದ ಹಾಗೆ.

ಈ ಜ಼ಕಾರ ಕಿವಿಗೆ ಬೀಳಬೇಕು, ಇಲ್ಲದಿದ್ದರೆ ಅರ್ಥವೇ ಬೇರೆ. "ಇಲ್‌ಜ಼ೋಂ" ಅಂದರೆ ಅವರಿಗೆ ಉಂಟು. "ಇಲ್‌ಸೋಂ" ಅಂದರೆ ಅವರು ಇದ್ದಾರೆ. ಜ಼ ಮತ್ತು ಸ, ಅಷ್ಟೇ ವ್ಯತ್ಯಾಸ.

ಮಧೂರು ಮಾಷ್ಟ್ರು
"ಎರಡು ಸ್ವರ ಡಿಕ್ಕಿ ಹೊಡೆಯುತ್ತವೆ". ಇದನ್ನು ನಾನು ಕ್ಲಾಸಿನಲ್ಲಿ ಹೇಳಬೇಕಿತ್ತು. ನಿವೃತ್ತಿಯಾದ ಮೇಲೆ ಸಿಕ್ಕಿತು.

ಮಂಜೇಶ್ವರ ಕೊಂಕಣಿ
ಉಚ್ಚಾರದ ವಿಷಯದಲ್ಲಿ ನಮ್ಮ ಊರಿನವರಿಗೆ ಇರುವಷ್ಟು ಅನುಕೂಲ ಬೇರೆಯವರಿಗೆ ಇಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ಫ್ರೆಂಚಿನ ತ, ದ ನಮ್ಮ ತ, ದ. ನಾಲಿಗೆ ಹಲ್ಲಿಗೆ ತಾಗಬೇಕು. ಇಂಗ್ಲಿಷ್ ಓದಿದವರು "ಟೇಬಲ್"ನ ಟಕಾರವನ್ನೇ ತಂದು "ಟಾಬ್ಲ್" ಅನ್ನುತ್ತಾರೆ. ತಪ್ಪು. "ತಾಬ್ಲ್". ಪ, ತ, ಕ ಹೇಳುವಾಗ ಇಂಗ್ಲಿಷಿನವರ ಹಾಗೆ ಗಾಳಿ ಬಿಡುವುದೂ ಬೇಡ, ನಮ್ಮ "ಪಾತ್ರೆ", "ಕಾಗೆ" ಹಾಗೆ ಒಣ ಪ, ಒಣ ಕ ಸಾಕು.

"ಲ", "ದ", "ಝ" ಅಂತ ಇಲ್ಲಿ ಬರೆದಿದ್ದೀರಲ್ಲ, ಅದು ಪೂರ್ತಿ ಅಕಾರ ಅಲ್ಲ. ಮಲಯಾಳದಲ್ಲಿ ಶಬ್ದದ ಕೊನೆಗೆ ಅರ್ಧ ಉಕಾರ ಬರುತ್ತದಲ್ಲ, ಅದಕ್ಕೆ ಹತ್ತಿರ. ನಮ್ಮ ಜಿಲ್ಲೆಯಲ್ಲಿ ಬಸ್ಸಿಗೆ ಕಾಯುವವರೆಲ್ಲ ದಿನಾ ಕೇಳುವ ಸ್ವರ.

ಇನ್ನು ಮೂಗಿನಲ್ಲಿ ಹೇಳುವ ಸ್ವರ. "ಪ್ಯಾಂ" (ಬ್ರೆಡ್) ಅಂದಾಗ ಕೊನೆಗೆ ತುಟಿ ಮುಚ್ಚಿ ಮ್ ಮಾಡಬಾರದು. ನಮ್ಮ ಕೊಂಕಣಿಯಲ್ಲಿ ಮೂಗಿನ ಸ್ವರ ಹೆಜ್ಜೆಗೊಂದು ಬರುತ್ತದೆ. ಕೊಂಕಣಿ ಗೆಳತಿ ಇದ್ದರೆ ಅವಳ ಎದುರು ಕೂತು ಅಭ್ಯಾಸ ಮಾಡಿ ಅಕ್ಕ.

ಬದಿಯಡ್ಕದಾಕೆ
ಪಕ್ಕದ ಮನೆಯವರೇ ಕೊಂಕಣಿಯವರು! ಇಷ್ಟು ದಿನ ನಾನು "ಪ್ಯಾಮ್" ಅನ್ನುತ್ತಿದ್ದೆ.

ಕುಂಬಳೆ ಹುಡುಗ
ಮತ್ತೆ ಆ "ತ್ಯು" ಸ್ವರ? ಅದು ನಮ್ಮ ಯಾವ ಭಾಷೆಯಲ್ಲೂ ಇಲ್ಲ.

ಮಂಜೇಶ್ವರ ಕೊಂಕಣಿ
ಹೌದು, ಅದು ಇಲ್ಲ. "ಈ" ಅನ್ನಿ. ನಾಲಿಗೆ ಹಾಗೇ ಇಟ್ಟು ತುಟಿ ಮಾತ್ರ "ಊ" ಹಾಗೆ ಗುಂಡಗೆ ಮಾಡಿ. ಕನ್ನಡಿ ಮುಂದೆ ಮಾಡಿದರೆ ಬೇಗ ಬರುತ್ತದೆ.

ಪೆರ್ಲ ಅಡಿಕೆ ತೋಟ
ಉಚ್ಚಾರ ಹೇಗಾದರೂ ಬರುತ್ತದೆ. ಲಿಂಗ ಹೇಗೆ? ಮೇಜು ಹೆಣ್ಣಂತೆ, ಚೂರಿ ಗಂಡಂತೆ. ನಮ್ಮಲ್ಲಿ ಗಂಡಸು, ಹೆಂಗಸು, ಉಳಿದದ್ದೆಲ್ಲ ಅದು. ನಮ್ಮ ಹವ್ಯಕ ಮಾತಿನಲ್ಲಂತೂ "ಅಕ್ಕ ಬಂತು", "ಬಸ್ಸು ಬಂತು" ಎರಡಕ್ಕೂ ಒಂದೇ. ಗೌರವ ಕಡಿಮೆ ಅಂತ ಅಲ್ಲ, ಮಾತಿನ ರೂಢಿ ಅದು. ಇಂಥ ಮನೆಯಿಂದ ಹೋದವರು ಮೇಜನ್ನು ಅವಳು ಅನ್ನುವುದು ಹೇಗೆ?

ಉಪ್ಪಳ ಸ್ಟೇಶನ್
ನಾನು ಮೊದಲೇ ಹೇಳಿದ್ದು ಇದನ್ನೇ. ಇಲ್ಲಿ ಕನ್ನಡ ಸಹಾಯಕ್ಕೆ ಬರುವುದಿಲ್ಲ. ಬಾಯಿಪಾಠವೇ ದಾರಿ.

ಚಂದ್ರಗಿರಿ ದಡ
ಈ ವಿಷಯದಲ್ಲಿ ಉಪ್ಪಳದ ಅಣ್ಣ ಹೇಳಿದ್ದು ಪೂರ್ತಿ ಸರಿ. ಆದರೆ ಬಾಯಿಪಾಠಕ್ಕೂ ಒಂದು ಕ್ರಮ ಉಂಟು. "ತಾಬ್ಲ್ = ಮೇಜು" ಅಂತ ಬರೆಯಲೇಬೇಡಿ. "ಲಾ ತಾಬ್ಲ್" ಅಂತ ಜೋಡಿಯಾಗಿ ಬರೆಯಿರಿ. ಲ ಬಂದರೆ ಗಂಡು, ಲಾ ಬಂದರೆ ಹೆಣ್ಣು. ಹೆಣ್ಣು ಶಬ್ದಗಳನ್ನು ಕೆಂಪು ಪೆನ್ನಿನಲ್ಲಿ ಬರೆದರೆ ಕಣ್ಣಿಗೂ ನೆನಪಿರುತ್ತದೆ.

ಬಾಲ ನೋಡಿ ಗುರುತಿಸುವುದೂ ಆಗುತ್ತದೆ. "ಸ್ಯೋಂ" ಅಂತ ಮುಗಿಯುವ "ನಾಸ್ಯೋಂ", "ಸ್ತಾಸ್ಯೋಂ" ಥರದವು ಹೆಣ್ಣು. "ಮಾಂ" ಅಂತ ಮುಗಿಯುವ "ಗೂವೆರ್ನ್‌ಮಾಂ" ಥರದವು ಗಂಡು. "ಆಝ್" ಅಂತ ಮುಗಿಯುವವು ಹೆಚ್ಚಿನವು ಗಂಡು: ವಿಲಾಝ್, ಗಾರಾಝ್. ಆದರೆ ಪ್ಲಾಝ್ (ಕಡಲ ತೀರ), ಪಾಝ್ (ಪುಟ), ಇಮಾಝ್ (ಚಿತ್ರ) ಹೆಣ್ಣು.

ತಪ್ಪಿದರೆ ಅರ್ಥ ಬದಲಾಗುವುದೂ ಉಂಟು. "ಲ ಲೀವ್ರ್" ಪುಸ್ತಕ, "ಲಾ ಲೀವ್ರ್" ತೂಕದ ಅಳತೆ. "ಲಾ ತೂರ್" ಗೋಪುರ, ಐಫೆಲ್ ಗೋಪುರ ಹೆಣ್ಣು. "ಲ ತೂರ್" ಅಂದರೆ ಸುತ್ತು, "ತೂರ್ ದ ಫ್ರಾಂಸ್" ಎಂಬ ಸೈಕಲ್ ರೇಸು ಗಂಡು.

ಮಧೂರು ಮಾಷ್ಟ್ರು
ಸೂರ್ಯ, ಚಂದ್ರ?

ಚಂದ್ರಗಿರಿ ದಡ
ಸೂರ್ಯ ಗಂಡು, "ಲ ಸೊಲೆಯ್". ಚಂದ್ರ ಹೆಣ್ಣು, "ಲಾ ಲ್ಯೂನ್".

ಮುಳ್ಳೇರಿಯ ನರ್ಸ್
ನಾನು ಕೆನಡಾಕ್ಕೆ ಹೋಗಬೇಕೆಂದು ಡೆಲ್ಫ್ ಎಂಬ ಫ್ರೆಂಚ್ ಪರೀಕ್ಷೆಯ ಎ2 ಹಂತ ಬರೆದೆ. ಅಕ್ಕನಿಗೆ ಉಪಯೋಗ ಆಗಬಹುದು. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ನಾಲ್ಕಕ್ಕೂ 25ರ ಹಾಗೆ 100 ಮಾರ್ಕು. ಪಾಸಿಗೆ 50 ಬೇಕು, ಒಂದೊಂದರಲ್ಲೂ ಕನಿಷ್ಠ 5 ಬರಲೇಬೇಕು.

ನಾನು ಸೇರಿದ್ದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಕ್ರಿಯಾಪದದ ಕೋಷ್ಟಕ ಬಿಟ್ಟು ಬೇರೇನೂ ಕಲಿಸಲಿಲ್ಲ. ಕೋಷ್ಟಕ ಎಲ್ಲ ಬರುತ್ತಿತ್ತು. ಮಾತಾಡುವ ಪರೀಕ್ಷೆಯಲ್ಲಿ "ನಿನ್ನೆ ಎಲ್ಲಿಗೆ ಹೋಗಿದ್ದೆ" ಅಂತ ಕೇಳಿದಾಗ ಬಾಯಿಯೇ ಬರಲಿಲ್ಲ. ಎರಡನೇ ಸಲ ಬರೆಯುವಾಗ ನಾನೇ ನಮ್ಮ ಮನೆಯ ವಾಕ್ಯಗಳನ್ನು ಹಿಡಿದುಕೊಂಡೆ.

ನನಗೆ ತುಂಬ ಸಹಾಯ ಆದದ್ದು "ಶೆ". ಇಂಗ್ಲಿಷಿನಲ್ಲಿ ಅದಕ್ಕೆ ಸರಿಯಾದ ಶಬ್ದ ಇಲ್ಲ, ಪುಸ್ತಕದಲ್ಲಿ ಅರ್ಧ ಪುಟ ವಿವರಿಸುತ್ತಾರೆ. ನಮ್ಮಲ್ಲಿ ಒಂದೇ ಶಬ್ದ. "ಡಾಕ್ಟ್ರಲ್ಲಿಗೆ" ಹೋಗುತ್ತೇನೆ: ಝ ವೇ ಶೆ ಲ ಮೆದ್ಸ್ಯಾಂ. "ನಮ್ಮಲ್ಲಿ": ಶೆ ಮ್ವಾ. ಅಣ್ಣನಲ್ಲಿಗೆ, ಅಜ್ಜಿಯಲ್ಲಿಗೆ, ಎಲ್ಲ ಶೆ.

ಇನ್ನೊಂದು, "ಕೊಳ್ಳು". ತೊಳೆ, ತೊಳೆದುಕೊ. ಫ್ರೆಂಚಿನಲ್ಲಿ ಲಾವೆ, ಸ ಲಾವೆ. "ಝ ಮ ಲಾವ್ ಲೆ ಮ್ಯಾಂ" ಅಂದರೆ ಕೈ ತೊಳೆದುಕೊಳ್ಳುತ್ತೇನೆ. "ನನ್ನ" ಕೈ ಅಂತ ನಾವೂ ಹೇಳುವುದಿಲ್ಲ, ಅವರೂ ಹೇಳುವುದಿಲ್ಲ. ಇಂಗ್ಲಿಷಿನವರಿಗೆ ಮಾತ್ರ ಅದು ಬೇಕು. ಕೂತುಕೊಳ್ಳುವುದು, ಮಲಗಿಕೊಳ್ಳುವುದು, ನೆನಪಿಸಿಕೊಳ್ಳುವುದು, ಮೂರಕ್ಕೂ ಫ್ರೆಂಚಿನಲ್ಲಿ ಮುಂದೆ ಆ "ಸ" ಇದೆ.

ಬದಿಯಡ್ಕದಾಕೆ
ಅಯ್ಯೋ, "ಸ" ಯಾಕೆ ಬರುತ್ತದೆ ಅಂತ ಎರಡು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದೆ. ನೋಡಿ, ತಲೆ "ಕೆಡಿಸಿಕೊಂಡಿದ್ದೆ"!

ನೀಲೇಶ್ವರ ಪ್ಯಾಸೆಂಜರ್
ಫ್ರೆಂಚ್ ಅಂದರೆ ಏಳು ಸಮುದ್ರ ದಾಟಿದ ಭಾಷೆ ಅಂತ ಮಾತಾಡುತ್ತಿದ್ದೀರಿ. ಕಾಸರಗೋಡಿನಲ್ಲಿ ರೈಲು ಹತ್ತಿ ಕಣ್ಣೂರು, ತಲಶ್ಶೇರಿ ದಾಟಿದರೆ ಮಾಹೆ. 1954ರ ಜುಲೈವರೆಗೆ ಅಲ್ಲಿ ಫ್ರೆಂಚರ ಆಡಳಿತ ಇತ್ತು. ಕಾನೂನು ಪ್ರಕಾರದ ಹಸ್ತಾಂತರ 1962ರಲ್ಲಿ. ಫ್ರೆಂಚರು ಆಡಳಿತ ಬಿಟ್ಟದ್ದು ನಮ್ಮ ತಾಲೂಕು ಕೇರಳಕ್ಕೆ ಸೇರಿದ 1956ಕ್ಕಿಂತ ಎರಡೇ ವರ್ಷ ಮೊದಲು. ಇವತ್ತಿಗೂ ಮಾಹೆ ಕೇರಳಕ್ಕೆ ಸೇರಿಲ್ಲ, ಪುದುಚೇರಿಗೆ ಸೇರಿದೆ.

ಪೆರ್ಲ ಅಡಿಕೆ ತೋಟ
ಹಾಗೆ ನೋಡಿದರೆ ನಮ್ಮ ತೋಟದ ಶಬ್ದಗಳೂ ಅಲ್ಲಿಗೆ ಹೋಗಿವೆ. ಅಡಿಕೆಗೆ ಫ್ರೆಂಚಿನಲ್ಲಿ "ಆರೆಕ್". ನಮ್ಮ ಅಡಿಕೆ, ಮಲಯಾಳದ ಅಡಯ್ಕ, ಇದೇ ಶಬ್ದವನ್ನು ಪೋರ್ಚುಗೀಸರು ಈ ಕರಾವಳಿಯಿಂದ ಹಡಗಿಗೆ ಹಾಕಿಕೊಂಡು ಹೋದರು. ವೀಳ್ಯದೆಲೆ "ಬೆತೆಲ್", ಅದು ಮಲಯಾಳದ ವೆಟ್ಟಿಲ. ತೇಗ "ತೆಕ್", ಕೊಬ್ಬರಿ "ಕೊಪ್ರಾ", ಮಾವು "ಮಾಂಗ್". ಎಲೆ ಅಡಿಕೆ ಕೇಳಲು ಅಕ್ಕನಿಗೆ ಹೊಸ ಶಬ್ದ ಕಲಿಯುವ ಅಗತ್ಯವೇ ಇಲ್ಲ.

ನೀಲೇಶ್ವರ ಪ್ಯಾಸೆಂಜರ್
ಗೇರುಬೀಜ?

ಪೆರ್ಲ ಅಡಿಕೆ ತೋಟ
"ನ್ವಾ ದ ಕಾಝೂ". ಅದು ನಮ್ಮದಲ್ಲ, ಬ್ರೆಜಿಲ್ ಕಡೆಯ ಶಬ್ದ. ಗಿಡವೂ ಅಲ್ಲಿಂದಲೇ ಬಂದದ್ದು. ಅದಕ್ಕೇ ಮಲಯಾಳದಲ್ಲಿ ಪರಂಕಿ ಮಾವು ಅನ್ನುತ್ತಾರೆ. ಈ ಪರಂಕಿ, ನಮ್ಮ ಪರಂಗಿ ಹಣ್ಣಿನ ಪರಂಗಿ, ಫಿರಂಗಿ, ಎಲ್ಲ ಬಂದದ್ದು ಫ್ರಾಂಕ್ ಎಂಬ ಜನರ ಹೆಸರಿನಿಂದ, ಅರಬ್ಬರ ಪಾರಸಿಗಳ ಬಾಯಿ ಹಾದು. ಫ್ರಾನ್ಸ್ ಎಂಬ ಹೆಸರಿಗೂ ಬೇರು ಅದೇ.

ಉಪ್ಪಳ ಸ್ಟೇಶನ್
ವಿಷಯ ತೋಟಕ್ಕೆ ಹೋಯಿತು. ಅಕ್ಕ ಕೇಳಿದ್ದು ವ್ಯಾಕರಣ. ವಾಕ್ಯದ ಕ್ರಮ ಹೇಳಿ ನೋಡುವ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ಫ್ರೆಂಚಿನಲ್ಲಿ ಇಂಗ್ಲಿಷಿನ ಹಾಗೆ ನಡುವೆ. ಇಲ್ಲಿ ಇಂಗ್ಲಿಷೇ ಹತ್ತಿರ.

ಚಂದ್ರಗಿರಿ ದಡ
ಹೆಸರು ಬಂದಾಗ ನೀವು ಹೇಳಿದ್ದು ನಿಜ. "ನನಗೆ, ನಿನಗೆ, ಅದನ್ನು" ಬಂದಾಗ ನೋಡಿ ಅಣ್ಣ:

ಝ ತ ಲ ದೊನ್.
ನಾನು ನಿನಗೆ ಅದನ್ನು ಕೊಡುತ್ತೇನೆ.

ಝ ನಾನು, ತ ನಿನಗೆ, ಲ ಅದನ್ನು, ದೊನ್ ಕೊಡುತ್ತೇನೆ. ಒಂದು ಶಬ್ದವೂ ಜಾಗ ಬದಲಿಸಿಲ್ಲ. ನಾನು ಇದನ್ನು ಮೊದಲು ಗಮನಿಸಿದ್ದು ಅಲ್ಲಿನ ಒಂದು ಟ್ರಾಮಿನಲ್ಲಿ. ಪಕ್ಕದಲ್ಲಿ ಕೂತ ಹುಡುಗಿ ತಮ್ಮನಿಗೆ ಚಾಕಲೇಟು ತೋರಿಸಿ ಹೀಗೆ ಅಂದಳು. ನನಗೆ ಅದು ಅನುವಾದ ಮಾಡದೆ ಅರ್ಥವಾದ ಮೊದಲ ಫ್ರೆಂಚ್ ವಾಕ್ಯ. ಇಳಿಯುವ ಸ್ಟಾಪ್ ಬರುವವರೆಗೆ ಬಾಯಲ್ಲೇ ಹೇಳಿಕೊಳ್ಳುತ್ತಿದ್ದೆ.

ಮೂರನೆಯವರಿಗೆ ಕೊಡುವಾಗ ಮಾತ್ರ ಕ್ರಮ ತಿರುಗುತ್ತದೆ. "ಝ ಲ ಲ್ವಿ ದೊನ್", ನಾನು ಅದನ್ನು ಅವನಿಗೆ ಕೊಡುತ್ತೇನೆ. ಅದೂ ಕನ್ನಡದಲ್ಲಿ ನಡೆಯುತ್ತದೆ.

ಉಪ್ಪಳ ಸ್ಟೇಶನ್
ಇದನ್ನು ನಾನು ಯೋಚಿಸಿರಲಿಲ್ಲ. ಒಪ್ಪಿದೆ. ಹಾಗಾದರೆ "ಬೇಕು"?

ಮುಳ್ಳೇರಿಯ ನರ್ಸ್
"ಇಲ್ ಫೋ". ನಮ್ಮ "ಬೇಕು" ನಾನು, ನೀನು, ಅವರು ಅಂತ ಬದಲಾಗುವುದಿಲ್ಲ. ಇದೂ ಬದಲಾಗುವುದಿಲ್ಲ. "ಇಲ್ ಫೋ ಪಾರ್ತೀರ್", ಹೊರಡಬೇಕು. ಯಾರು ಅಂತ ಎರಡರಲ್ಲೂ ಹೇಳಿಲ್ಲ. "ಇಲ್ ಮ ಫೋ ದ್ಯು ತಾಂ", ನನಗೆ ಸಮಯ ಬೇಕು.

ಕುಂಬಳೆ ಹುಡುಗ
ಇಲ್ಲ ಅನ್ನುವುದರ ಕಥೆ ಯಾರೂ ಹೇಳಲಿಲ್ಲ. "ಝ ನ ವೇ ಪಾ", ನಾನು ಹೋಗುವುದಿಲ್ಲ. ಇಲ್ಲ ಅನ್ನುವ ಕೆಲಸ ಮೊದಲು "ನ" ಒಂದೇ ಮಾಡುತ್ತಿತ್ತು. "ಪಾ" ಅಂದರೆ ಹೆಜ್ಜೆ! "ಒಂದು ಹೆಜ್ಜೆಯೂ ಹೋಗಲ್ಲ" ಅನ್ನುತ್ತಾ ಅನ್ನುತ್ತಾ ಹೆಜ್ಜೆ ಅಲ್ಲೇ ಉಳಿದುಬಿಟ್ಟಿತು. ಹಳೆಯ ಕಾಲದಲ್ಲಿ ಕುಡಿಯುವುದಕ್ಕೆ "ತೊಟ್ಟು", ತಿನ್ನುವುದಕ್ಕೆ "ರೊಟ್ಟಿ ಚೂರು" ಅಂತ ಬೇರೆ ಬೇರೆ ಶಬ್ದ ಸೇರಿಸುತ್ತಿದ್ದರಂತೆ. ನಮ್ಮ ಅಜ್ಜಿ "ಒಂದು ತೊಟ್ಟು ನೀರು ಕುಡಿದಿಲ್ಲ, ಒಂದು ಅಗುಳು ತಿಂದಿಲ್ಲ" ಅನ್ನುವ ಹಾಗೆ. ಈಗ ಮಾತಿನಲ್ಲಿ "ನ" ಕೂಡ ಬಿಟ್ಟು "ಝ ವೇ ಪಾ" ಅನ್ನುತ್ತಾರೆ. ಹೆಜ್ಜೆಯೇ "ಇಲ್ಲ" ಆಗಿಹೋಯಿತು.

ಮಧೂರು ಮಾಷ್ಟ್ರು
ತುಂಬ ಚೆನ್ನಾಗಿದೆ ಮಗಾ. ಇದನ್ನು ಮೊಮ್ಮಗಳಿಗೆ ಓದಿ ಹೇಳಿದೆ.

ಬದಿಯಡ್ಕದಾಕೆ
ಅಂಗಡಿಯಲ್ಲಿ ಹೇಗೆ ಮಾತಾಡುವುದು? ನೀನು, ನೀವು ತಪ್ಪಿಹೋದರೆ ಅಂತ ಹೆದರಿಕೆ. ಝೇ ಪೆರ್!

ಚಂದ್ರಗಿರಿ ದಡ
"ತ್ಯು" ನೀನು, "ವೂ" ನೀವು. ನಮ್ಮ ನೀವು ಹಾಗೆ ವೂ ಒಬ್ಬರಿಗೆ ಗೌರವಕ್ಕೂ ಹೌದು, ಹಲವರಿಗೂ ಹೌದು. ಅಂಗಡಿ, ಆಸ್ಪತ್ರೆ, ಮಗನ ಶಾಲೆ, ಎಲ್ಲ ಕಡೆ ವೂ. ನಮ್ಮ ಹಾಗೇ ದೇವರಿಗೆ ನೀನು. 1966ರಿಂದ ಕೆಥೊಲಿಕರ ಪ್ರಾರ್ಥನೆಯಲ್ಲೂ ತ್ಯು.

ಅಂಗಡಿಗೆ ಕಾಲಿಟ್ಟ ಕೂಡಲೇ "ಬೋಂಝೂರ್" ಹೇಳಲೇಬೇಕು. ಹೇಳದೆ ಸಾಮಾನು ಕೇಳಿದರೆ ಅವರಿಗೆ ಬೇಸರ ಆಗುತ್ತದೆ. ಆಮೇಲೆ "ಯೂನ್ ಬಾಗೆತ್, ಸಿಲ್ ವೂ ಪ್ಲೆ". ಆ "ಸಿಲ್ ವೂ ಪ್ಲೆ"ಯನ್ನು ಬಿಡಿಸಿದರೆ "ಅದು ನಿಮಗೆ ಇಷ್ಟವಾದರೆ". ನೋಡಿ, ಮತ್ತೆ "ನಿಮಗೆ".

ಒಂದು ಕಡೆ ಜಾಗ್ರತೆ. ಊಟ ಆದ ಮೇಲೆ "ಹೊಟ್ಟೆ ತುಂಬಿತು" ಅನ್ನಲು ಹೋಗಿ "ಝ ಸ್ವಿ ಪ್ಲೆನ್" ಅನ್ನಬೇಡಿ. ಅದನ್ನು ಗಬ್ಬದ ದನಕ್ಕೆ ಹೇಳುತ್ತಾರೆ. "ಝ ನೇ ಪ್ಲ್ಯೂ ಫ್ಯಾಂ", ಇನ್ನು ಹಸಿವಿಲ್ಲ ಅನ್ನಿ.

ಪೆರ್ಲ ಅಡಿಕೆ ತೋಟ
ಊಟ ಆಗಿಲ್ವಾ ಅಂತ ಕೇಳಿದರೆ? ನಾವು "ಹೌದು, ಆಗಿಲ್ಲ" ಅನ್ನುತ್ತೇವೆ.

ಚಂದ್ರಗಿರಿ ದಡ
ಅಲ್ಲಿ ಅದು ನಡೆಯುವುದಿಲ್ಲ. ಆಗಿಲ್ಲ ಅಂತಾದರೆ "ನೋಂ". ಆಗಿದೆ ಅಂತಾದರೆ "ವೀ" ಅಲ್ಲ, "ಸೀ". ಇಲ್ಲ ಅಂತ ಕೇಳಿದವರಿಗೆ ಇದೆ ಅನ್ನಲು ಅದೊಂದು ಬೇರೆಯೇ ಹೌದು.

ನೀಲೇಶ್ವರ ಪ್ಯಾಸೆಂಜರ್
ಲೆಕ್ಕ? 92ಕ್ಕೆ ನಾಲ್ಕು ಇಪ್ಪತ್ತು ಹನ್ನೆರಡು ಅಂತ ಕೇಳಿದ್ದೇನೆ.

ಕುಂಬಳೆ ಹುಡುಗ
ಹೌದು. "ಕಾತ್ರ್ ವ್ಯಾಂ ದೂಜ಼್". 75 ಅಂದರೆ ಅರವತ್ತು ಹದಿನೈದು. ಬೆಲ್ಜಿಯಂನಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ 70ಕ್ಕೆ "ಸೆಪ್ತಾಂತ್", 90ಕ್ಕೆ "ನೊನಾಂತ್" ಅಂತ ನೇರವಾಗಿ ಹೇಳುತ್ತಾರೆ. ಅಕ್ಕ ಫ್ರಾನ್ಸಿಗೆ ಹೋಗುವುದರಿಂದ ಗುಣಾಕಾರ ಬೇಕೇ ಬೇಕು.

ಬದಿಯಡ್ಕದಾಕೆ
ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ಮೂರು ದಿನದಿಂದ ಇದನ್ನು ಪುಸ್ತಕಕ್ಕೆ ಇಳಿಸಿಕೊಂಡೆ, ಹೆಣ್ಣು ಶಬ್ದ ಕೆಂಪಿನಲ್ಲಿ. ಇವತ್ತು ನಾನೇ ಮಾಡಿದ ವಾಕ್ಯಗಳು. ತಪ್ಪಿದ್ದರೆ ತಿದ್ದಿ.

ಝೇ ಶೋ.
ಇಲ್ ಫೋ ಪಾರ್ತೀರ್.
ಝ ಮ ಲಾವ್ ಲೆ ಮ್ಯಾಂ.
ಇಯೆರ್, ಝೇ ಆಲೆ ಶೆ ಲ ಮೆದ್ಸ್ಯಾಂ ಆವೆಕ್ ಮಾ ಮೆರ್. (ನಿನ್ನೆ ಅಮ್ಮನ ಜೊತೆ ಡಾಕ್ಟ್ರಲ್ಲಿಗೆ ಹೋಗಿದ್ದೆ. ನಿಜವಾಗಿಯೂ ಹೋಗಿದ್ದೆ.)

ಚಂದ್ರಗಿರಿ ದಡ
ಮೊದಲಿನ ಮೂರೂ ಸರಿ. ನಾಲ್ಕನೆಯದರಲ್ಲಿ "ಶೆ" ಚೆನ್ನಾಗಿ ಕೂತಿದೆ, "ಝೇ" ಮಾತ್ರ ಬದಲಾಗಬೇಕು. ತಿಂದೆ, ನೋಡಿದೆ, ಕೊಟ್ಟೆ, ಇವಕ್ಕೆ ಝೇ. ಹೋಗು, ಬಾ, ಹುಟ್ಟು, ಸಾಯು, ಇಂಥ ಕೆಲವಕ್ಕೆ "ಝ ಸ್ವಿ". ನಮ್ಮ "ಹೋಗಿದ್ದೇನೆ" ಬಿಡಿಸಿದರೆ "ಹೋಗಿ ಇದ್ದೇನೆ" ಅಲ್ವಾ? ಅದೇ ಇದು: "ಝ ಸ್ವಿ ಆಲೆ". ಬರೆಯುವಾಗ ನೀವು ಹೆಂಗಸಾದ್ದರಿಂದ ಕೊನೆಗೆ ಇನ್ನೊಂದು ಇ ಅಕ್ಷರ ಸೇರಿಸಿ. ಕಿವಿಗೆ ಕೇಳುವುದಿಲ್ಲ, ಕಾಗದದಲ್ಲಿ ಇರಬೇಕು. ಅಮ್ಮ ಈಗ ಹೇಗಿದ್ದಾರೆ?

ಬದಿಯಡ್ಕದಾಕೆ
ತಿದ್ದಿದೆ. ಅಮ್ಮ ಆರಾಮ ಇದ್ದಾರೆ, ಬಿಪಿ ನೋಡಿಸಲು ಹೋದದ್ದು. ಬಸ್ಸಿನಲ್ಲಿ ನನ್ನ ಪುಸ್ತಕ ಇಸಕೊಂಡು ಅವರೂ "ಝೇ ಮಾಲ್ ಆ ಲಾ ತೆತ್" ಅಂತ ನಾಲ್ಕು ಸಲ ಓದಿದರು. ಮೊಣಕಾಲು ನೋವಿಗೆ ಏನು ಹೇಳಬೇಕು ಅಂತ ಕೇಳುತ್ತಿದ್ದಾರೆ.

ಮುಳ್ಳೇರಿಯ ನರ್ಸ್
"ಝೇ ಮಾಲ್ ಓ ಝನು" ಅಂತ ಹೇಳಿಕೊಡಿ. ಮೊಣಕಾಲು ಗಂಡು ಶಬ್ದ, ಅದಕ್ಕೆ "ಆ ಲ" ಸೇರಿ "ಓ" ಆಯಿತು. ಅದೂ ಮಾಷ್ಟ್ರ ಲೆಕ್ಕಕ್ಕೆ ಒಂದು ಸಂಧಿಯೇ.